ಜಾಝ್ ನೃತ್ಯ ಕಲಿಯುವುದಾದರೆ ಯಾರ ಬಾನಿ?

ಜಾಝ್ ಕ್ಲಾಸಿಗೆ ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಯಾರ ಜಾಝ್? ಬೋರ್ಡಿನ ಮೇಲೆ ಎಲ್ಲ ಕಡೆ ಒಂದೇ ಹೆಸರು ಇರುತ್ತದೆ. ಒಳಗೆ ಹೋದರೆ ಒಂದು ಕಡೆ ಬ್ಯಾಲೆಯ ನೆರಳಲ್ಲಿ ನೀಳವಾಗಿ ಕೈ ಚಾಚಿಸುತ್ತಾರೆ, ಇನ್ನೊಂದು ಕಡೆ ತಲೆಗೆ ಟೋಪಿ ಇಡಿಸಿ ಭುಜ ಆಡಿಸುತ್ತಾರೆ, ಮತ್ತೊಂದು ಕಡೆ ಜೋಡಿಯ ಕೈ ಹಿಡಿಸಿ ಗಿರಗಿರನೆ ಸುತ್ತಿಸುತ್ತಾರೆ. ಭರತನಾಟ್ಯಕ್ಕೆ ಸೇರುವವರು ಯಾವ ಬಾನಿ, ಎಂದರೆ ಯಾವ ಗುರುಪರಂಪರೆಯ ಶೈಲಿ, ಪಂದನಲ್ಲೂರೋ, ವಳುವೂರೋ, ಮೈಸೂರು ಶೈಲಿಯೋ ಎಂದು ವಿಚಾರಿಸಿಕೊಂಡೇ ಗುರುಗಳ ಹತ್ತಿರ ಹೋಗುತ್ತಾರೆ. ಜಾಝ್‌ನಲ್ಲೂ ಅಂಥ ಗುರುಪರಂಪರೆಗಳಿವೆ. ಅವುಗಳ ನಡುವಿನ ವ್ಯತ್ಯಾಸ ಮಾತ್ರ ನಮ್ಮ ಬಾನಿಗಳ ನಡುವಿನದಕ್ಕಿಂತ ದೊಡ್ಡದು. ನಿಮ್ಮ ಮೈಗೆ ಒಗ್ಗದ ದಾರಿ ಹಿಡಿದರೆ ಕೆಲವೇ ತಿಂಗಳಲ್ಲಿ ‘ಜಾಝ್ ನನಗೆ ಆಗಿಬರುವುದಿಲ್ಲ’ ಎಂದು ಬಿಟ್ಟುಬಿಡುತ್ತೀರಿ. ಆಗಿಬರದೇ ಇದ್ದದ್ದು ಆ ಒಂದು ದಾರಿ ಮಾತ್ರ ಇರಬಹುದು.

ಇಲ್ಲಿ ಹೇಳುವವರೆಲ್ಲ ಇಪ್ಪತ್ತನೆಯ ಶತಮಾನದ ಅಮೆರಿಕದವರು. ಅವರಲ್ಲಿ ಯಾರು ಶ್ರೇಷ್ಠ ಎಂದು ಸಾಲು ಹಚ್ಚುವುದು ನನ್ನ ಉದ್ದೇಶವಲ್ಲ. ಯಾರ ದಾರಿ ಯಾರಿಗೆ ಸರಿ ಎಂದು ಹೇಳಬೇಕಾಗಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಝ್‌ಗೆ ಕಾಲಿಗಿಂತ ಮೊದಲು ಕಿವಿ ಪಳಗಬೇಕು. ಭಂಗಿ ಆಮೇಲೆ ಬಂದರೂ ನಡೆಯುತ್ತದೆ. ಆದರೆ ಲಯ ಕೂರದ ಮೈಗೆ ಎಷ್ಟು ಭಂಗಿ ಕಲಿಸಿದರೂ ಅದು ಜಾಝ್ ಆಗುವುದಿಲ್ಲ.

ಲಯದಿಂದ ಶುರು ಮಾಡುವವರಿಗೆ ಫ್ರಾಂಕಿ ಮ್ಯಾನಿಂಗ್

ಈ ನೃತ್ಯ ಹುಟ್ಟಿದ್ದು ಸ್ಟುಡಿಯೋದ ಕನ್ನಡಿಯ ಮುಂದಲ್ಲ. ಗುಲಾಮರಾಗಿ ಆಫ್ರಿಕಾದಿಂದ ಸಾಗಿಸಲ್ಪಟ್ಟ ಜನರ ಮಕ್ಕಳು ಮೊಮ್ಮಕ್ಕಳು ತಮ್ಮ ಸಂತೋಷಕ್ಕೆ ಕುಣಿದ ಕುಣಿತ ಅದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1926ರಲ್ಲಿ ಬಾಗಿಲು ತೆರೆದ ಸವಾಯ್ ಬಾಲ್‌ರೂಮಿನಲ್ಲಿ ಅದು ಲಿಂಡಿ ಹಾಪ್ ಎಂಬ ಜೋಡಿಕುಣಿತವಾಗಿ ಬೆಳೆಯಿತು. ಅಮೆರಿಕದ ಬಹುಪಾಲು ಜಾಗಗಳಲ್ಲಿ ಕಪ್ಪು ಜನರೂ ಬಿಳಿಯರೂ ಒಟ್ಟಿಗೆ ಕುಳಿತುಕೊಳ್ಳುವಂತಿರದ ಕಾಲದಲ್ಲಿ, ಸವಾಯ್‌ನ ಆ ಹಾಸಿನ ಮೇಲೆ ಇಬ್ಬರೂ ಕುಣಿಯುತ್ತಿದ್ದರು.

1914ರಲ್ಲಿ ಫ್ಲೋರಿಡಾದಲ್ಲಿ ಹುಟ್ಟಿದ ಮ್ಯಾನಿಂಗ್ ಪಳಗಿದ್ದು ಅಲ್ಲಿಯೇ. ಮೊದಲಿನವರು ನೆಟ್ಟಗೆ ನಿಂತು ಕುಣಿಯುತ್ತಿದ್ದರೆ, ಈತ ಓಟಗಾರನಂತೆ ಮೈಯನ್ನು ಮುಂದಕ್ಕೆ ಬಾಗಿಸಿ, ಮೊಣಕಾಲು ಸಡಿಲ ಬಿಟ್ಟು, ಕಾಲನ್ನು ಹಿಂದಕ್ಕೆ ಚಾಚಿ ಕುಣಿದ. 1935ರಲ್ಲಿ ಫ್ರೀಡಾ ವಾಷಿಂಗ್ಟನ್ ಎಂಬ ಜೋಡಿಗಾರ್ತಿಯನ್ನು ತನ್ನ ಬೆನ್ನ ಮೇಲಿಂದ ಹಾರಿಸಿ, ಬೀಟು ತಪ್ಪದಂತೆ ನೆಲಕ್ಕಿಳಿಸಿದ. ಲಿಂಡಿ ಹಾಪ್‌ನಲ್ಲಿ ಗಾಳಿಯಲ್ಲಿ ಎತ್ತಿ ಹಾಕುವ ಚಮತ್ಕಾರಗಳು ಶುರುವಾದದ್ದು ಹಾಗೆ. 1941ರ ‘ಹೆಲ್ಸಪಾಪಿನ್’ ಚಿತ್ರದಲ್ಲಿ ಅಡುಗೆಯವರ, ಕೆಲಸದವರ ಉಡುಪಿನಲ್ಲಿ ಮ್ಯಾನಿಂಗ್ ಇದ್ದ ಲಿಂಡಿ ಹಾಪ್ ತಂಡ ಕುಣಿಯುವ ಕೆಲವೇ ನಿಮಿಷಗಳ ದೃಶ್ಯವಿದೆ. ಸಂಯೋಜನೆ ಮ್ಯಾನಿಂಗ್‌ನದು. ಜಾಝ್ ಕಲಿಯಬೇಕೆಂದು ಬಂದವರಿಗೆಲ್ಲ ನಾನು ಮೊದಲು ನೋಡಲು ಹೇಳುವುದು ಆ ದೃಶ್ಯವನ್ನು. ಅಷ್ಟು ವೇಗದಲ್ಲೂ ಒಬ್ಬರ ಪಾದವೂ ಸಂಗೀತಕ್ಕಿಂತ ಮುಂದೆ ಓಡುವುದಿಲ್ಲ.

ಲಿಂಡಿ ಹಾಪ್ ಕುಣಿಯುವುದು ಸ್ವಿಂಗ್ ಎಂಬ ಜಾಝ್ ಸಂಗೀತಕ್ಕೆ. ಅದರ ಲಯದ ಗುಟ್ಟು ನಮ್ಮ ಕಡೆಯ ಸಂಗೀತ ಕೇಳಿ ಬೆಳೆದವರಿಗೆ ಬೇಗ ಹತ್ತುತ್ತದೆ. ಒಂದು ಬೀಟನ್ನು ಎರಡು ಸಮಪಾಲು ಮಾಡದೆ, ತಿಶ್ರ ನಡೆಯಂತೆ ಮೂರು ಭಾಗ ಮಾಡಿಕೊಳ್ಳಿ. ಮೊದಲ ಎರಡು ಭಾಗ ಒಂದು ಸ್ವರಕ್ಕೆ, ಕೊನೆಯ ಒಂದು ಭಾಗ ಮುಂದಿನ ಸ್ವರಕ್ಕೆ. ಸ್ಥೂಲವಾಗಿ ಸ್ವಿಂಗ್ ಎಂದರೆ ಇಷ್ಟೆ. ಹಾಡು ಸಮಕ್ಕೆ, ಎಂದರೆ ತಾಳದ ಮೊದಲ ಪೆಟ್ಟಿಗೆ, ಎದ್ದುಕೊಳ್ಳದೆ ಅದಕ್ಕಿಂತ ಮುಂಚೆಯೋ (ಅತೀತ) ಆಮೇಲೋ (ಅನಾಗತ) ಎದ್ದುಕೊಳ್ಳುವುದನ್ನು ಗುರುತಿಸಬಲ್ಲ ಕಿವಿಗೆ ಜಾಝ್‌ನ ಬೀಟು ತಪ್ಪಿಸಿ ಹೊಡೆಯುವ ಆಟ ಹೊಸತೆನಿಸುವುದಿಲ್ಲ.

ಇಲ್ಲಿನ ತೊಡಕು ಜೋಡಿ ಬೇಕಾಗುವುದು. ಒಬ್ಬರೇ ಕಲಿಯುವವರಿಗೆ ಶಿಮ್ ಶ್ಯಾಮ್ ಎಂಬ ಸಾಲುಕುಣಿತವಿದೆ. 1920ರ ದಶಕದ ಕೊನೆಯಲ್ಲಿ ಟ್ಯಾಪ್ ನರ್ತಕರು ಕಟ್ಟಿದ ಅದಕ್ಕೆ ಮ್ಯಾನಿಂಗ್ ತನ್ನದೇ ಒಂದು ರೂಪ ಕೊಟ್ಟ. ಜಗತ್ತಿನಾದ್ಯಂತ ಲಿಂಡಿ ಹಾಪ್ ಕೂಟಗಳಲ್ಲಿ ಈಗಲೂ ಅದನ್ನು ಕುಣಿಯುತ್ತಾರೆ. ಬೆಂಗಳೂರಿನಲ್ಲೂ ಲಿಂಡಿ ಹಾಪ್ ಕುಣಿಯುವವರಿದ್ದಾರೆ. ಹೊಸಬರನ್ನು ಕೈಹಿಡಿದು ಸೇರಿಸಿಕೊಳ್ಳುವುದು ಆ ನೃತ್ಯದ ಸ್ವಭಾವದಲ್ಲೇ ಇದೆ. ಅಂದಹಾಗೆ ಮ್ಯಾನಿಂಗ್ 1950ರ ದಶಕದಿಂದ ಮೂವತ್ತು ವರ್ಷ ಅಂಚೆ ಇಲಾಖೆಯಲ್ಲಿ ದುಡಿದ. 1980ರ ದಶಕದಲ್ಲಿ ಎಳೆಯರು ಹುಡುಕಿಕೊಂಡು ಬಂದು ‘ಕಲಿಸಿ’ ಎಂದು ಕೇಳಿದ ಮೇಲೆ ಮತ್ತೆ ಕುಣಿಯತೊಡಗಿ, 1989ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯ ‘ಬ್ಲ್ಯಾಕ್ ಅಂಡ್ ಬ್ಲೂ’ ಪ್ರದರ್ಶನಕ್ಕೆ ಮೂವರು ಸಹಸಂಯೋಜಕರೊಂದಿಗೆ ರಂಗಭೂಮಿಯ ಟೋನಿ ಪ್ರಶಸ್ತಿ ಹಂಚಿಕೊಂಡ. ಎಪ್ಪತ್ತೈದರ ವಯಸ್ಸಿನಲ್ಲಿ! ಅರವತ್ತು ದಾಟಿತು, ಇನ್ನೇನು ಕುಣಿತ ಎನ್ನುವವರು ಈ ಮಾತನ್ನು ನೆನಪಿಡಬೇಕು.

ಭರತನಾಟ್ಯ ಕಲಿತವರಿಗೆ ಜ್ಯಾಕ್ ಕೋಲ್, ಅವನ ಮೂಲಕ ಮ್ಯಾಟ್ ಮ್ಯಾಟಾಕ್ಸ್

ಕೋಲ್ ಬಗ್ಗೆ ಕನ್ನಡದಲ್ಲಿ ಯಾರೂ ಹೆಚ್ಚು ಬರೆದಿಲ್ಲವೆಂಬುದು ನನಗೆ ಬೇಸರದ ವಿಷಯ. ನಮಗೆ ಹತ್ತಿರದ ಸಂಬಂಧ ಇರುವುದು ಅವನ ಜೊತೆಗೇ. 1911ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಕೋಲ್ ಮೊದಲು ಸೇರಿದ್ದು ರೂತ್ ಸೇಂಟ್ ಡೆನಿಸ್ ಮತ್ತು ಟೆಡ್ ಶಾನ್ ಅವರ ಡೆನಿಶಾನ್ ನೃತ್ಯತಂಡವನ್ನು. ಆಮೇಲೆ ಲಾ ಮೇರಿ ಎಂಬ ಅಮೆರಿಕದ ಕಲಾವಿದೆಯಿಂದ ಭರತನಾಟ್ಯ ಕಲಿತ. ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮಗೋಪಾಲ್ ಅವರನ್ನು 1930ರ ದಶಕದಲ್ಲಿ ವಿದೇಶ ಪ್ರವಾಸಕ್ಕೆ ಕರೆದುಕೊಂಡು ಹೋದವರೂ ಇದೇ ಲಾ ಮೇರಿ.

ಕೋಲ್ ಅಷ್ಟಕ್ಕೇ ನಿಲ್ಲಲಿಲ್ಲ. ಭರತನಾಟ್ಯದ ಚಲನೆಯನ್ನು ಎತ್ತಿಕೊಂಡು ಸ್ವಿಂಗ್ ಸಂಗೀತದ ಮೇಲೆ ಕೂರಿಸಿ ನೈಟ್‌ಕ್ಲಬ್ಬುಗಳಲ್ಲಿ ಆಡಿಸಿದ. ಅರಮಂಡಿಯಂತೆ ತಗ್ಗಿ ಕೂತ ತೊಡೆ, ಅಲುಗದೆ ನಿಂತ ಮುಂಡ, ಅದರ ಮೇಲೆ ಅಟ್ಟಮಿಯಂತೆ ಆ ಕಡೆ ಈ ಕಡೆ ಸರಿಯುವ ಕತ್ತು, ಚೂಪಾಗಿ ನಿಲ್ಲುವ ಕಣ್ಣು. ಮೈಯ ಒಂದು ಭಾಗ ಆಡುವಾಗ ಉಳಿದದ್ದೆಲ್ಲ ಸುಮ್ಮನಿರಬೇಕು ಎಂಬ ಶಿಸ್ತು ರಂಗದ ಜಾಝ್‌ಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ಇದಕ್ಕೆ ಹಾರ್ಲೆಮ್‌ನ ಲಿಂಡಿ ಹಾಪ್ ಬೆರೆಸಿದ, ಲ್ಯಾಟಿನ್ ಅಮೆರಿಕದ ಕುಣಿತ ಬೆರೆಸಿದ. 1940ರ ದಶಕದ ನಡುವೆ ಕೊಲಂಬಿಯಾ ಪಿಕ್ಚರ್ಸ್ ಸ್ಟುಡಿಯೋದಲ್ಲಿ ನರ್ತಕರಿಗೆ ಸಂಬಳ ಕೊಟ್ಟು ದಿನವೂ ತಾಲೀಮು ನಡೆಸುವ ಒಂದು ಗರಡಿಯನ್ನೇ ಕಟ್ಟಿದ. 1946ರ ‘ಗಿಲ್ಡಾ’ದಲ್ಲಿ ರೀಟಾ ಹೇವರ್ತ್ ಕೈಗವಸು ಕಳಚುವ ಹಾಡು, 1953ರ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ನಲ್ಲಿ ಮರ್ಲಿನ್ ಮನ್ರೋ ಗುಲಾಬಿ ಉಡುಪಿನಲ್ಲಿ ವಜ್ರಗಳ ಬಗ್ಗೆ ಹಾಡುವ ದೃಶ್ಯ, ಎರಡೂ ಕೋಲ್ ಕೈಕೆಲಸ.

ಒಂದು ಮಾತನ್ನು ಮುಚ್ಚಿಡಬಾರದು. ಕೋಲ್‌ಗೆ ‘ರಂಗ ಜಾಝ್‌ನ ಪಿತಾಮಹ’ ಎಂಬ ಬಿರುದು ಸಿಕ್ಕಿತು. ಅವನು ಕುಣಿತ ಎತ್ತಿಕೊಂಡ ಹಾರ್ಲೆಮ್‌ನ ಕಪ್ಪು ನರ್ತಕರಿಗಾಗಲಿ, ಭರತನಾಟ್ಯ ಕಲಿಸುತ್ತಿದ್ದ ನಮ್ಮ ನಟ್ಟುವರಿಗಾಗಲಿ ಅಂಥ ಬಿರುದು ಸಿಗಲಿಲ್ಲ. ಕೋಲ್‌ನ ಪ್ರತಿಭೆಯನ್ನು ಮೆಚ್ಚುತ್ತಲೇ ಇದನ್ನೂ ಹೇಳಬೇಕು.

ಕೋಲ್ ತನ್ನ ಪದ್ಧತಿಗೆ ಪಠ್ಯಕ್ರಮ ಬರೆದಿಡಲಿಲ್ಲ. ಹಾಗಾಗಿ ‘ಕೋಲ್ ಕ್ಲಾಸು’ ಸಿಗುವುದು ಅಪರೂಪ. ಅವನ ಶಿಷ್ಯ ಮ್ಯಾಟ್ ಮ್ಯಾಟಾಕ್ಸ್ ಆ ಸಾಮಗ್ರಿಯನ್ನು ಒಂದು ಕ್ರಮಕ್ಕೆ ತಂದ. 1954ರ ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ ಚಿತ್ರದ ಏಳು ಅಣ್ಣತಮ್ಮಂದಿರಲ್ಲಿ ಒಬ್ಬನಾಗಿ ಕುಣಿದ ಈತ 1970ರ ದಶಕದಲ್ಲಿ ಲಂಡನ್‌ಗೆ, ಅಲ್ಲಿಂದ ಫ್ರಾನ್ಸ್‌ಗೆ ಹೋಗಿ ನೆಲೆಸಿದ. ಯುರೋಪಿನ ಜಾಝ್ ಶಿಕ್ಷಕರ ಮೇಲೆ ಅವನ ಪ್ರಭಾವ ಆಳವಾದದ್ದು. ಮ್ಯಾಟಾಕ್ಸ್ ಅಭ್ಯಾಸದಲ್ಲಿ ತಲೆ ಒಂದು ಎಣಿಕೆಗೆ ತಿರುಗುತ್ತದೆ, ಭುಜ ಇನ್ನೊಂದು ಎಣಿಕೆಗೆ ಏಳುತ್ತದೆ, ಪಕ್ಕೆಲುಬು ಮೂರನೆಯದಕ್ಕೆ ಸರಿಯುತ್ತದೆ, ಕೈಗಳು ತಮ್ಮದೇ ದಿಕ್ಕು ಹಿಡಿದಿರುತ್ತವೆ. ಜತಿ ಹೇಳುತ್ತ ಅಡವು ಹಾಕಿ ಅಭ್ಯಾಸವಾದವರಿಗೆ ಇದು ಹಬ್ಬ. ಹಾಡು ಹಾಕಿದ ಕೂಡಲೇ ಕುಣಿಯಬೇಕು ಎನ್ನುವವರಿಗೆ ಇದು ತಲೆನೋವು. ಅಂಥವರು ಇಲ್ಲಿಗೆ ಬರುವುದು ಬೇಡ.

ಪೆಟ್ಟು ತಿಂದ ಮೈಗೆ ಲುಯಿಜಿ

ಬೆನ್ನು ನೋವು, ಮೊಣಕಾಲಿನ ಸಮಸ್ಯೆ, ನಲವತ್ತು ದಾಟಿದ ವಯಸ್ಸು. ಇವುಗಳಲ್ಲಿ ಯಾವುದಿದ್ದರೂ ನಾನು ಎರಡನೇ ಯೋಚನೆ ಇಲ್ಲದೆ ತೋರಿಸುವ ದಾರಿ ಲುಯಿಜಿಯದು.

ಓಹಾಯೋದ ಸ್ಟೂಬೆನ್‌ವಿಲ್‌ನಲ್ಲಿ 1925ರಲ್ಲಿ ಹುಟ್ಟಿದ ಯೂಜೀನ್ ಲೂಯಿಸ್ ಫಾಚುಟೊ ಯುದ್ಧ ಮುಗಿದ ಮೇಲೆ ನರ್ತಕನಾಗಲು ಲಾಸ್ ಏಂಜಲೀಸ್‌ಗೆ ಬಂದ. 1946ರಲ್ಲಿ ಕಾರು ಅಪಘಾತವಾಗಿ ಕೋಮಾಕ್ಕೆ ಹೋದ. ಎಚ್ಚರವಾದಾಗ ಮೈಯ ಒಂದು ಪಕ್ಕ, ಮುಖದ ಇನ್ನೊಂದು ಪಕ್ಕ ಲಕ್ವ ಹೊಡೆದಂತಿತ್ತು. ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಇನ್ನು ನಡೆಯಲಾರ ಎಂದರು ವೈದ್ಯರು. ಅವನು ತನ್ನ ಮೈಯನ್ನು ತಾನೇ ಒಂದೊಂದು ಇಂಚಾಗಿ ಅಲುಗಿಸುವ ಅಭ್ಯಾಸಗಳನ್ನು ಹುಡುಕಿಕೊಂಡ. 1949ರ ಹೊತ್ತಿಗೆ ನಟ, ನರ್ತಕ ಜೀನ್ ಕೆಲ್ಲಿಯ ‘ಆನ್ ದ ಟೌನ್’ ಚಿತ್ರದಲ್ಲಿ ಕುಣಿಯುತ್ತಿದ್ದ. ಲುಯಿಜಿ ಎಂಬ ಹೆಸರು ಕೊಟ್ಟವನೂ ಕೆಲ್ಲಿಯೇ. ಯೂಜೀನನ್ನೂ ಜೀನ್ ಎಂದೇ ಕರೆಯುತ್ತಿದ್ದರು, ಸೆಟ್ಟಿನಲ್ಲಿ ಜೀನ್ ಒಬ್ಬ ಸಾಕಾಗಿತ್ತು. ಶೂಟಿಂಗ್ ಶುರುವಾಗುವ ಮುನ್ನ ಲುಯಿಜಿ ಮಾಡಿಕೊಳ್ಳುತ್ತಿದ್ದ ಅಭ್ಯಾಸವನ್ನು ನೋಡಿ ಉಳಿದ ನರ್ತಕರೂ ಅವನ ಹಿಂದೆ ನಿಂತು ಮಾಡತೊಡಗಿದರು. 1950ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕಲಿಸಲು ಶುರು ಮಾಡಿದವನು 2015ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನ ಗುರುವಾಗಿಯೇ ಉಳಿದ.

ಅವನ ಮುಖ್ಯ ಪಾಠವನ್ನು ಈಗ ಕೂತಲ್ಲೇ ಮಾಡಿನೋಡಬಹುದು. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ. ಅಂಗೈ ಅಡಿಯಲ್ಲಿ ಒಂದು ಕಂಬಿ ಇದೆ ಎಂದುಕೊಂಡು ಅದನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಭುಜ ಇಳಿಯುತ್ತದೆ, ಎದೆ ಏಳುತ್ತದೆ, ಕತ್ತು ಉದ್ದವಾಗುತ್ತದೆ, ಸೊಂಟದ ಮೇಲಿನ ಭಾರ ಹಗುರಾಗುತ್ತದೆ. ಸಮತೋಲ ತಪ್ಪಿದವನು ಗಾಳಿಯನ್ನೇ ಆಸರೆ ಮಾಡಿಕೊಂಡ ಉಪಾಯ ಇದು. ಲುಯಿಜಿ ಕ್ಲಾಸಿನಲ್ಲಿ ಜರ್ಕು ಇಲ್ಲ. ಒಂದು ಚಲನೆ ಇನ್ನೊಂದರೊಳಗೆ ಕರಗುತ್ತ ಹೋಗುತ್ತದೆ. ಅದೇ ಅದರ ಮಿತಿಯೂ ಹೌದು: ಕೆಲವು ಎಳೆಯರಿಗೆ ಇದು ತೀರಾ ಮೆತ್ತಗೆ ಅನಿಸುತ್ತದೆ.

ಲುಯಿಜಿಯೋ ಮ್ಯಾಟಾಕ್ಸೋ ಎಂದು ಕೇಳುವವರಿಗೆ ನನ್ನ ಉತ್ತರ ಹೀಗೆ. ಚಲನೆಯನ್ನು ಮೈಯ ಒಳಗಿನಿಂದ ಅನುಭವಿಸಿ ಕಲಿಯುವವರು ಲುಯಿಜಿಗೆ ಹೋಗಿ. ಎಣಿಕೆ, ಕೋನ, ದಿಕ್ಕು ಎಲ್ಲ ಸ್ಪಷ್ಟವಾಗಿ ಹೇಳಿದರೆ ಮಾತ್ರ ಮೈ ಕೇಳುವವರು ಮ್ಯಾಟಾಕ್ಸ್‌ಗೆ. ಬಲ ಎರಡಕ್ಕೂ ಬೇಕು, ಆದರೆ ಮ್ಯಾಟಾಕ್ಸ್ ಪದ್ಧತಿಯಲ್ಲಿ ತಗ್ಗಿ ಕೂತೇ ಹೆಚ್ಚು ಹೊತ್ತು ಕಳೆಯಬೇಕು. ಮೊಣಕಾಲು ದುರ್ಬಲವಾಗಿದ್ದರೆ ಹೆಚ್ಚು ಯೋಚಿಸದೆ ಲುಯಿಜಿಗೇ ಹೋಗಿ.

ತಮಟೆ ಕೇಳಿದರೆ ಸೊಂಟ ನಿಲ್ಲದವರಿಗೆ ಕ್ಯಾಥರೀನ್ ಡನ್‌ಹ್ಯಾಮ್

ಡನ್‌ಹ್ಯಾಮ್ ನರ್ತಕಿ ಮಾತ್ರ ಆಗಿರಲಿಲ್ಲ. 1909ರಲ್ಲಿ ಹುಟ್ಟಿದ ಆಕೆ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿ, 1935ರಲ್ಲಿ ಫೆಲೋಶಿಪ್ ಪಡೆದು ಜಮೈಕಾ, ಮಾರ್ಟಿನೀಕ್, ಟ್ರಿನಿಡಾಡ್, ಹೈಟಿಗಳಲ್ಲಿ ಸುತ್ತಾಡಿ ಅಲ್ಲಿನ ಕುಣಿತಗಳನ್ನು ಕ್ಷೇತ್ರಕಾರ್ಯ ಮಾಡಿ ಅಭ್ಯಾಸ ಮಾಡಿದರು. ಮಾರ್ಟಿನೀಕ್‌ನ ಕಾದಾಟದ ಕುಣಿತವೊಂದರಿಂದ 1938ರಲ್ಲಿ ‘ಲಾಗ್ಯಾ’ ಎಂಬ ನೃತ್ಯರೂಪಕ ಕಟ್ಟಿದರು. ಬ್ಯಾಲೆಯ ಕಂಬಿ ಹಿಡಿದು ಮಾಡುವ ಅಭ್ಯಾಸವನ್ನು ಇಟ್ಟುಕೊಂಡೇ, ಅದರೊಳಕ್ಕೆ ಕೆರಿಬಿಯನ್ ಡೋಲಿನ ಲಯ, ಬೆನ್ನುಹುರಿಯ ಅಲೆ, ಸೊಂಟದ ಸ್ವಾತಂತ್ರ್ಯ ಎಲ್ಲವನ್ನೂ ತಂದರು. ಕಾಲು ಒಂದು ಲಯದಲ್ಲಿದ್ದರೆ ಭುಜ ಇನ್ನೊಂದರಲ್ಲಿರುತ್ತದೆ. ನ್ಯೂಯಾರ್ಕಿನ ಏಲಿ ನೃತ್ಯಶಾಲೆಯಲ್ಲಿ ಇಂದಿಗೂ ಡನ್‌ಹ್ಯಾಮ್ ಪದ್ಧತಿ ಕಲಿಸುತ್ತಾರೆ.

ಕೋಲ್ ಮತ್ತು ಡನ್‌ಹ್ಯಾಮ್ ಇಬ್ಬರೂ ದೂರದ ಜನರ ಕುಣಿತವನ್ನು ಎತ್ತಿ ತಂದವರೇ. ಆದರೆ ಕೋಲ್ ಅದನ್ನು ಪ್ರದರ್ಶನದ ಸರಕಾಗಿ ಕಂಡ. ಡನ್‌ಹ್ಯಾಮ್ ಆ ಜನರ ಜೊತೆ ಬದುಕಿ, ಅವರ ಪೂಜೆ, ಹಬ್ಬಗಳ ಅರ್ಥ ತಿಳಿದುಕೊಂಡು ತಂದರು. ಒಂದು ಕುಣಿತ ಎಲ್ಲಿಂದ ಬಂತು, ಅದನ್ನು ಯಾರು ಯಾಕೆ ಕುಣಿಯುತ್ತಾರೆ ಎಂದು ತಿಳಿಯದೆ ಮೈ ಆಡಿಸಲು ಮನಸ್ಸು ಒಪ್ಪದವರಿಗೆ ಇದೇ ದಾರಿ. ಆಕೆಯ ಬದುಕೂ ಅಷ್ಟೇ ಗಟ್ಟಿ. 1951ರಲ್ಲಿ ಚಿಲಿಯ ಸಾಂತಿಯಾಗೊದಲ್ಲಿ, ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದುದನ್ನೇ ರಂಗಕ್ಕೆ ತಂದ ‘ಸೌತ್‌ಲ್ಯಾಂಡ್’ ಆಡಿಸಿದರು. 1992ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಹೈಟಿಯ ನಿರಾಶ್ರಿತರ ಪರವಾಗಿ 47 ದಿನ ಉಪವಾಸ ಕೂತರು.

ನಮ್ಮಲ್ಲಿ ಡನ್‌ಹ್ಯಾಮ್ ಪದ್ಧತಿ ಕಲಿಸುವವರು ಸಿಗುವುದು ಕಷ್ಟ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಅಲ್ಲಿ ಪ್ರಮಾಣಪತ್ರ ಪಡೆದ ಶಿಕ್ಷಕರಿದ್ದಾರೆ.

ಎಲ್ಲರೂ ಮೊದಲು ಕೇಳುವ ಹೆಸರು, ಬಾಬ್ ಫಾಸಿ

ಫಾಸಿಯನ್ನು ಇಷ್ಟು ತಡವಾಗಿ ತಂದದ್ದಕ್ಕೆ ಕಾರಣವಿದೆ. ಹೊಸಬರು ಅವನಿಂದಲೇ ಶುರು ಮಾಡಲು ಬಯಸುತ್ತಾರೆ, ಯಾಕೆಂದರೆ ಅವನ ಶೈಲಿಯನ್ನು ಒಂದು ಫೋಟೋದಲ್ಲೇ ಗುರುತು ಹಿಡಿಯಬಹುದು. ಕಣ್ಣಿನ ಮೇಲೆ ಇಳಿದ ಟೋಪಿ, ಒಳಕ್ಕೆ ತಿರುಗಿದ ಮೊಣಕಾಲು, ಮುದುಡಿದ ಭುಜ, ಅಗಲಿಸಿದ ಬೆರಳು. 1927ರಲ್ಲಿ ಶಿಕಾಗೊದಲ್ಲಿ ಹುಟ್ಟಿ ಎಳವೆಯಲ್ಲೇ ಅಗ್ಗದ ನೈಟ್‌ಕ್ಲಬ್ಬುಗಳಲ್ಲಿ ಕುಣಿದು ಬೆಳೆದ ಫಾಸಿ, ತನ್ನ ಮೈಯ ಕೊರತೆಗಳನ್ನೇ ಶೈಲಿ ಮಾಡಿಕೊಂಡ. ಕೂದಲು ಉದುರುತ್ತಿತ್ತು, ಟೋಪಿ ಬಂತು. ಬ್ಯಾಲೆಯವರಂತೆ ಪಾದ ಹೊರಕ್ಕೆ ತಿರುಗುತ್ತಿರಲಿಲ್ಲ, ಒಳಕ್ಕೆ ತಿರುಗಿಸಿದ.

1954ರ ‘ದ ಪಜಾಮ ಗೇಮ್’ ಬ್ರಾಡ್‌ವೇಯಲ್ಲಿ ಅವನ ಮೊದಲ ಸಂಯೋಜನೆ. ಅದರ ‘ಸ್ಟೀಮ್ ಹೀಟ್’ನಲ್ಲಿ ಮೂವರು ಕಪ್ಪು ಸೂಟು, ದುಂಡು ಟೋಪಿ ಹಾಕಿಕೊಂಡು, ಹಬೆ ಹೊರಡುವ ಕೊಳವೆಯಂತೆ ಬಾಯಲ್ಲೇ ಸದ್ದು ಮಾಡುತ್ತ ಕುಣಿಯುತ್ತಾರೆ. ಆ ಮೂವರಲ್ಲಿ ಕ್ಯಾರಲ್ ಹೇನಿ ಮತ್ತು ಬಜ್ ಮಿಲ್ಲರ್ ಇಬ್ಬರೂ ಕೋಲ್ ಗರಡಿಯಲ್ಲಿ ಪಳಗಿದವರು. ಫಾಸಿಯ ಹೆಂಡತಿಯೂ ಅವನ ಅತಿ ಮುಖ್ಯ ನರ್ತಕಿಯೂ ಆದ ಗ್ವೆನ್ ವರ್ಡನ್ ಸಹ ವರ್ಷಗಟ್ಟಲೆ ಕೋಲ್‌ಗೆ ಸಹಾಯಕಿಯಾಗಿದ್ದವರು. ಹೊರಗಿನಿಂದ ನೋಡಿದರೆ ಬರೀ ಬೆರಳು ಚಿಟಿಕೆ, ಭುಜದ ಕುಣಿತ. ಅಷ್ಟು ಚಿಕ್ಕ ಚಲನೆ ರಂಗದ ಕೊನೆಯ ಸಾಲಿಗೂ ಕಾಣಬೇಕಾದರೆ ಉಳಿದ ಮೈ ಎಷ್ಟು ಹಿಡಿತದಲ್ಲಿರಬೇಕು ಯೋಚಿಸಿ. ಆ ಹಿಡಿತ ಇಲ್ಲದವರು ಫಾಸಿ ಮಾಡಿದರೆ ಅದು ಟೋಪಿಯ ಫ್ಯಾಶನ್ ಶೋ ಆಗುತ್ತದೆ. ನಾನು ‘ಫಾಸಿ ಕೊನೆಗೆ’ ಎನ್ನುವುದು ಅದಕ್ಕೇ.

ಆದರೆ ನಿಮಗೆ ರಂಗಭೂಮಿಯ ಹಿನ್ನೆಲೆ ಇದ್ದರೆ ಮಾತು ಬೇರೆ. ಫಾಸಿಯ ಪ್ರತಿ ಚಲನೆಯ ಹಿಂದೆ ಒಂದು ಪಾತ್ರವಿದೆ, ಒಂದು ಆಸೆಯೋ ನಾಚಿಕೆಯೋ ಇದೆ. ನಟನೆ ಬಲ್ಲವರು ಕಾಲಿನ ಕೊರತೆಯನ್ನು ಅಲ್ಲಿ ತುಂಬಿಕೊಳ್ಳಬಹುದು. ನೋಡಲು ಬೇಕಾದಷ್ಟಿದೆ: 1969ರ ‘ಸ್ವೀಟ್ ಚಾರಿಟಿ’ ಚಿತ್ರದ ‘ರಿಚ್ ಮ್ಯಾನ್ಸ್ ಫ್ರಗ್’, 1972ರ ‘ಕ್ಯಾಬರೆ’. 1973ರ ಒಂದೇ ವರ್ಷದಲ್ಲಿ ಅವನಿಗೆ ಆಸ್ಕರ್, ಟೋನಿ, ಟಿವಿಯ ಎಮ್ಮಿ ಪ್ರಶಸ್ತಿ ಮೂರೂ ಬಂದವು. 1975ರ ‘ಶಿಕಾಗೊ’ ಸಂಗೀತ ನಾಟಕ 1996ರಲ್ಲಿ ಮತ್ತೆ ರಂಗಕ್ಕೆ ಬಂದು ದಶಕಗಳ ಕಾಲ ಓಡಿದೆ. ನ್ಯೂಯಾರ್ಕಿಗೆ ಹೋದವರು ಫಾಸಿಯ ಶೈಲಿಯನ್ನು ಕಣ್ಣಾರೆ ಕಂಡುಬರಬಹುದು.

ಇನ್ನಿಬ್ಬರ ಬಗ್ಗೆ ಚುಟುಕಾಗಿ. ಗಸ್ ಜಿಯೊರ್ಡಾನೊ 1953ರಲ್ಲಿ ಶಿಕಾಗೊ ಪಕ್ಕದ ಎವನ್‌ಸ್ಟನ್‌ನಲ್ಲಿ ಶಾಲೆ ತೆರೆದು, 1990ರಲ್ಲಿ ಜಾಝ್ ನೃತ್ಯದ ಜಾಗತಿಕ ಸಮ್ಮೇಳನ ಶುರು ಮಾಡಿದ. ಅವನದು ನೆಟ್ಟನೆಯ ಬೆನ್ನು, ನೆಲಕ್ಕೆ ಊರಿದ ಕಾಲು, ಹಂತ ಹಂತದ ಪಾಠ. ಮಕ್ಕಳನ್ನು ಸೇರಿಸುವ ತಂದೆತಾಯಿಗಳಿಗೆ ಈ ಕ್ರಮಬದ್ಧತೆ ಹಿಡಿಸುತ್ತದೆ. ಜೆರೋಮ್ ರಾಬಿನ್ಸ್ 1957ರ ‘ವೆಸ್ಟ್ ಸೈಡ್ ಸ್ಟೋರಿ’ಯಿಂದ ಜಗತ್ಪ್ರಸಿದ್ಧ. ಅವನ ಕೆಲಸವನ್ನು ನೋಡಿ ಸಂತೋಷಪಡಬೇಕು. ಕಲಿಯಲು ಅವನು ಪದ್ಧತಿಯೊಂದನ್ನು ಬಿಟ್ಟುಹೋಗಿಲ್ಲ. ಬ್ಯಾಲೆಯ ತಳಹದಿ ಇಲ್ಲದವರು ಅದನ್ನು ಅನುಕರಿಸಲು ಹೋಗದಿರುವುದು ಒಳ್ಳೆಯದು.

ಕ್ಲಾಸಿನಲ್ಲಿ ಏನು ನೋಡಬೇಕು

ಟ್ರಯಲ್ ಕ್ಲಾಸಿಗೆ ಹೋದಾಗ ಮೊದಲ ಹತ್ತು ನಿಮಿಷ ಹಾಡನ್ನು ಗಮನಿಸಿ. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿಯಂಥ ಜಾಝ್ ಸಂಗೀತಗಾರರ ಸಂಗೀತ ಒಮ್ಮೆಯೂ ಕೇಳಿಬರದಿದ್ದರೆ ಅಲ್ಲಿ ಕಲಿಸುತ್ತಿರುವುದು ಬೇರೇನೋ. ಅದೂ ಚೆನ್ನಾಗಿರಬಹುದು, ಆದರೆ ನೀವು ಹುಡುಕಿಕೊಂಡು ಬಂದದ್ದು ಅದನ್ನಲ್ಲ. ಆಮೇಲೆ ಶಿಕ್ಷಕರನ್ನು, ‘ಮೇಡಂ, ನೀವು ಯಾರ ಹತ್ತಿರ ಕಲಿತಿರಿ, ಅವರು ಯಾರ ಹತ್ತಿರ ಕಲಿತರು?’ ಎಂದು ವಿನಯದಿಂದ ಕೇಳಿ. ಪರಂಪರೆ ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ, ಕೂರಿಸಿಕೊಂಡು ಹೇಳುತ್ತಾರೆ. ಮೈ ಬೆಚ್ಚಗಾಗುವ ಮುನ್ನ ಕಾಲು ಚಾಚಿಸಿ ಹಿಂಜುವ, ಮೊದಲ ದಿನವೇ ನೆಲದ ಮೇಲೆ ಮಂಡಿಯೂರಿ ಜಾರಿಸುವ ಕಡೆಗೆ ಎರಡನೇ ಸಲ ಹೋಗಬೇಡಿ.

ಎಲ್ಲ ಕೇಳಿದ ಮೇಲೂ ತೋಚದಿದ್ದರೆ, ನಾನು ಕೊಡುವ ಅನುಕ್ರಮ ಇದು. ಮೊದಲು ಮನೆಯಲ್ಲೇ ಶಿಮ್ ಶ್ಯಾಮ್ ಕಲಿಯಿರಿ. ಕನ್ನಡಿ ಬೇಡ, ಸ್ವಿಂಗ್ ಸಂಗೀತ ಸಾಕು. ಲಯ ಕಾಲಿಗೆ ಇಳಿದ ಮೇಲೆ ಲುಯಿಜಿ ಪದ್ಧತಿಯ ಕ್ಲಾಸೋ, ಅದಕ್ಕೆ ಹತ್ತಿರದ್ದೋ ಹುಡುಕಿಕೊಳ್ಳಿ. ಆ ಗುರುವಿನ ಹೆಸರು ಹೇಳದಿದ್ದರೂ ಅವನ ಅಭ್ಯಾಸಗಳನ್ನು ಮಾಡಿಸುವ ಶಿಕ್ಷಕರಿದ್ದಾರೆ. ಭರತನಾಟ್ಯದವರು ಆ ಹೊತ್ತಿಗೆ ಮ್ಯಾಟಾಕ್ಸ್ ಕಡೆ ಹೊರಳಬಹುದು. ಫಾಸಿ ಅದಾದ ಮೇಲೆ. ಕೋಲ್‌ನಂತೆ ಮಂಡಿಯ ಮೇಲೆ ಜಾರುವ ಆಸೆ ಎಲ್ಲರಿಗೂ ಒಂದು ದಿನ ಬರುತ್ತದೆ. ಆ ದಿನ ದಪ್ಪ ನೀ ಪ್ಯಾಡ್ ಕಟ್ಟಿಕೊಂಡು, ಮರದ ಹಾಸಿರುವ ಸ್ಟುಡಿಯೋದಲ್ಲಿ, ಅದು ಗೊತ್ತಿರುವವರ ಎದುರಿಗೇ ಮಾಡಿ. ಮನೆಯ ಗ್ರಾನೈಟ್ ನೆಲದ ಮೇಲೆ ಬೇಡ.